ಹಿಮಕೊಡಲಿ ಸಂಘಕ್ಕೆ ರಾಜೀನಾಮೆ

ಸಂಘವನ್ನು ಬಿಡುವುದಾದರೆ ಗೌರವದಿಂದ ಬಿಡಬೇಕು, ಅದೂ ಲಿಖಿತವಾಗಿ! ೨೦೦೬ರ ಒಂದು ಶನಿವಾರ ಬೆಳಗ್ಗೆ ಸ್ನಾನ ಮುಗಿಸಿ, ಆರು ದೋಸೆ ತಿಂದು, ಕಂಪ್ಯೂಟರಿನ ಮುಂದೆ ನಿಂತುಕೊಂಡೇ ವಿಘ್ನೇಶ್ವರ ಗಾಂವ್ಕರರು ಹೀಗೆಂದು ನಿರ್ಧರಿಸಿದರು. ಅದು ಕೂತು ಮಾಡುವಂಥ ನಿರ್ಧಾರವಾಗಿರಲಿಲ್ಲ.

ಗಾಂವ್ಕರರು ಹುಟ್ಟಿದ್ದು ಇಡಗುಂದಿಯಲ್ಲಿ, ನೌಕರಿ ಶಿರಸಿಯಲ್ಲಿ, ಮನೆ ಇಸಳೂರಿನ ಹೊಸ ಬಡಾವಣೆಯಲ್ಲಿ. ವಯಸ್ಸು ಐವತ್ಮೂರು. ಕಚೇರಿಯಲ್ಲಿ ಹೆಡ್ ಕ್ಲಾರ್ಕು. ಬಡಾವಣೆಯ ಅಭಿವೃದ್ಧಿ ಸಂಘಕ್ಕೆ ಹನ್ನೊಂದು ವರ್ಷದಿಂದ ಕಾರ್ಯದರ್ಶಿ. ಬೀದಿದೀಪದಿಂದ ಬೀದಿನಾಯಿಯವರೆಗೆ ಅವರು ಬರೆಯದ ಠರಾವಿಲ್ಲ. ಅಧ್ಯಕ್ಷ ನಾಗಪತಿ ಭಟ್ಟರು ಈ ಸಲ ಹುದ್ದೆಯಿಂದ ಇಳಿಯುವವರಿದ್ದರು. ಮರುದಿನ ಭಾನುವಾರದ ವಾರ್ಷಿಕ ಸಭೆಯಲ್ಲಿ ಗಾಂವ್ಕರರೇ ಅಧ್ಯಕ್ಷರಾಗುವುದೆಂದು ಎಲ್ಲರೂ ಒಪ್ಪಿಯಾಗಿತ್ತು. ಹನ್ನೊಂದು ವರ್ಷ ಬೇರೆಯವರ ಭಾಷಣವನ್ನು ಬರೆದುಕೊಂಡ ಕೈ ಈಗ ತನ್ನದೇ ಭಾಷಣವೊಂದನ್ನು ಬರೆದು, ಹೊಸ ಅಂಗಿಯ ಜೇಬಿನಲ್ಲಿ ಇಟ್ಟಾಗಿತ್ತು.

ಆದರೆ ಅವರು ಬಿಡಲು ಹೊರಟದ್ದು ಈ ಸಂಘವನ್ನಲ್ಲ.

ಕಳೆದ ನಾಲ್ಕು ತಿಂಗಳಿಂದ ಗಾಂವ್ಕರರು ಕಂಪ್ಯೂಟರಿನೊಳಗೆ ಕೊಡಲಿ ಹಿಡಿದ ಯೋಧರೂ ಆಗಿದ್ದರು! ಸಂಘದ ಪತ್ರ ಟೈಪು ಮಾಡಲೆಂದು ತಂದ ಕಂಪ್ಯೂಟರಿಗೆ ಇಂಟರ್‌ನೆಟ್ಟು ಬಂತು; ಇಂಟರ್‌ನೆಟ್ಟಿನಲ್ಲಿ ಒಂದು ಆಟ ಸಿಕ್ಕಿತು. ಹಿಮದ ನಾಡು, ಹಾವಿನ ತಲೆಯ ಹಡಗು, ಸುತ್ತಿಗೆ ಬೀಸುವ ಗುಡುಗಿನ ದೇವರು. ದೇಶವಿದೇಶದ ಜನ ತಮ್ಮ ತಮ್ಮ ಮನೆಯಲ್ಲೇ ಕೂತು ಒಟ್ಟಿಗೆ ಆಡುವ ಆಟ. ಪ್ರತಿ ಯೋಧನೂ ಒಂದು 'ಆರ್ಡರ್' ಸೇರಬೇಕಂತೆ. ಗಾಂವ್ಕರರು ನಿಘಂಟು ತೆಗೆದರು. ಆಜ್ಞೆ, ಕ್ರಮ, ದರ್ಜೆ, ಸಂಘ. ನಾಲ್ಕನೆಯ ಅರ್ಥ ಕಂಡದ್ದೇ ಅವರ ಮುಖ ಅರಳಿತು. ಸಂಘವೊಂದು ಇದ್ದ ಮೇಲೆ ತಾನು ಅದರ ಹೊರಗಿರುವುದುಂಟೆ! ಅಂದೇ ಹಿಮಕೊಡಲಿ ಸಂಘದ ಸದಸ್ಯರಾದರು.

"ಎಂತ ಅದು, ಗಂಟೆಗಟ್ಲೆ ಟಕಟಕ?" ಎಂದು ಹೆಂಡತಿ ಸುಬ್ಬಲಕ್ಷ್ಮಿ ಕೇಳಿದರೆ,

"ಸಂಘದ ಕೆಲಸ," ಎನ್ನುತ್ತಿದ್ದರು.

"ಸಂಘದ ಕೆಲಸಕ್ಕೆ ಹಲ್ಲು ಕಚ್ಚಕ್ಕನಾ?"

"ಕೆಲವೊಂದಕ್ಕೆ ಕಚ್ಚಕ್ಕಾಗ್ತು."

ಒಂದಕ್ಷರ ಸುಳ್ಳಿರಲಿಲ್ಲ.

ಆ ಶನಿವಾರ ಮಾತ್ರ ಹಿಮಕೊಡಲಿ ಸಂಘದ ನಾಯಕ ಮಿತಿ ಮೀರಿದ. ಒಕ್ಕಣ್ಣ ನಾಯಕ, ಅವನ ಕಿವಿಯೂದಲು ಕೆಂಪು ಮೀಸೆಯ ಉಪನಾಯಕ. ಇಬ್ಬರೂ ಸೇರಿ ಮೀನುಗಾರರ ಹಳ್ಳಿಯೊಂದಕ್ಕೆ ಬೆಂಕಿಯಿಡಲು ಅಪ್ಪಣೆ ಮಾಡಿದರು. ಗಾಂವ್ಕರರು ಕೊಡಲಿ ಕೆಳಗಿಟ್ಟರು. ಸಂಘ ಬಿಡಲು ಪರದೆಯ ಮೂಲೆಯಲ್ಲಿ ಒಂದು ಗುಂಡಿಯಿತ್ತು, ಒತ್ತಿದರೆ ಮುಗಿಯಿತು. ಅದನ್ನು ನೋಡಿ ಅವರಿಗೆ ಇನ್ನಷ್ಟು ಹೇಸಿಗೆಯಾಯಿತು. ನಾಲ್ಕು ತಿಂಗಳ ಸೇವೆ, ಮೂವತ್ತೇಳು ಯುದ್ಧ, ಕೊನೆಗೆ ಒಂದು ಗುಂಡಿ! ರಾಜೀನಾಮೆ ಪತ್ರವಿಲ್ಲದೆ ಸಂಘ ಬಿಡುವವನು ಯೋಧನಲ್ಲ, ಓಡಿಹೋದವನು.

ಅವರ ಕ್ರಮ ಮೂವತ್ತು ವರ್ಷದಿಂದ ಒಂದೇ. ಯಾವ ಪತ್ರವಾದರೂ ಮೊದಲು ಕನ್ನಡದಲ್ಲಿ, ಕೈಬರಹದಲ್ಲಿ, ಚಿತ್ತು ಕಾಟಿಲ್ಲದೆ. ಆಮೇಲೆ ಬೇಕಿದ್ದರೆ ಇಂಗ್ಲಿಷಿಗೆ. ಹಾಗೆಯೇ ಬರೆದರು. ತಾರೀಖು ಹಾಕಿದರು, ಸಹಿ ಮಾಡಿದರು, ಮೂರು ಮಡಿಕೆ ಮಾಡಿ ಅಂಟು ಹಚ್ಚಿದರು, ಮೇಲೆ 'ಮಾನ್ಯ ಅಧ್ಯಕ್ಷರಿಗೆ' ಎಂದು ಬರೆದು ಮೇಜಿನ ಮೇಲಿನ ಕರಿಕಲ್ಲಿನಡಿ ಇಟ್ಟರು. ಇಷ್ಟನ್ನೂ ಕೈ ತಾನಾಗಿಯೇ ಮಾಡಿತು. ತಲೆ ಬಿಸಿಯಾಗಿತ್ತು. ಅಧ್ಯಕ್ಷರಾಗುವ ತಲೆಯಾದ್ದರಿಂದ ಕ್ಷೌರಕ್ಕೆಂದು ಪೇಟೆಗೆ ಹೋದರು.

ತಿರುಗಿ ಬಂದಾಗ ಕಲ್ಲಿತ್ತು, ಪತ್ರವಿರಲಿಲ್ಲ.

"ಇಲ್ಲಿದ್ದ ಕಾಗದ ಎಲ್ಲೋತು?"

"ಎಲ್ಲಿಗೆ ಹೋಗ್ತು? ಭಟ್ಟರ ಮನೆಗೆ ಕೊಟ್ಟಿಕ್ಕೆ ಬಂದಿ," ಎಂದಳು ಸುಬ್ಬಲಕ್ಷ್ಮಿ. ಕಲ್ಲಿನಡಿ ಇಟ್ಟ ಪತ್ರ ಅಧ್ಯಕ್ಷರಿಗೆ ಮುಟ್ಟಿಸುವುದು ಹನ್ನೊಂದು ವರ್ಷದ ರೂಢಿ.

"ಅಯ್ಯೋ ಮಾರಾಯ್ತಿ! ಅದು ಆ ಅಧ್ಯಕ್ಷರಿಗಲ್ದೇ!"

"ಮತ್ತೆ ಯಾವ ಅಧ್ಯಕ್ಷರಿಗೆ? ಊರಿಗೆಷ್ಟು ಅಧ್ಯಕ್ಷರು?"

ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಗಾಂವ್ಕರರು ಭಟ್ಟರ ಮನೆಗೆ ಓಡಿದರು. ಭಟ್ಟರು ಜಗಲಿಯಲ್ಲಿ ಕೂತಿದ್ದರು. ಮೂರು ದಿನದ ಹಿಂದೆ ಪೊರೆ ತೆಗೆಸಿದ ಎಡಗಣ್ಣಿಗೆ ಬಿಳಿ ಪಟ್ಟಿ! ಗಾಂವ್ಕರರಿಗೆ ಪತ್ರದ ಒಕ್ಕಣ್ಣ ನೆನಪಾದ.

"ಭಟ್ಟರೇ, ಆ ಕಾಗದ..."

"ಹೌದು ತಮಾ, ಬಂತು. ನಂಗೆ ಓದಲೆ ಆಗ್ತಿಲ್ಲೆ, ಕಣ್ಣು ಹಿಂಗಿದ್ದು. ಶಿವಪುತ್ರಪ್ಪಂಗೆ ಕಳಿಸಿಬಿಟ್ಟಿ. ನಾಳೆ ಸಭೆಯಲ್ಲಿ ಅವ್ನೇ ಓದ್ತಾ."

ಶಿವಪುತ್ರಪ್ಪ ಸಂಘದ ಉಪಾಧ್ಯಕ್ಷ. ಬನವಾಸಿ ಕಡೆಯಿಂದ ಬಂದು ನಿಂತ ಅಕ್ಕಿ ವ್ಯಾಪಾರಿ. ಗಾಂವ್ಕರರು ಅವನ ಅಂಗಡಿ ಮುಟ್ಟಿದಾಗ ಆತ ಮೂಟೆಗಳ ಮೇಲೆ ಒರಗಿದ್ದ. ನರೆತ ಮೀಸೆಗೆ ಮೆಹಂದಿ ಹಚ್ಚುವವನು. ಸಭೆಯ ಹಿಂದಿನ ದಿನವೆಂದು ಆಗಷ್ಟೇ ಹೊಸದಾಗಿ ಹಚ್ಚಿ ತೊಳೆದಿದ್ದ. ಕೆಂಪಗೆ, ಕೆಂಡದ ಹಾಗೆ ಹೊಳೆಯುತ್ತಿತ್ತು! ಗಾಂವ್ಕರರು ಗೋಡೆ ಹಿಡಿದುಕೊಂಡರು.

"ಬರ್ರಿ, ಬರ್ರಿ ಗಾಂವ್ಕರ್ರ! ಯಾಕ್ರಿ, ಬೆವರಾಕ ಹತ್ತೀರಿ?"

"ಶಿವಪುತ್ರಪ್ಪನವರೇ, ಭಟ್ಟರು ಕಳಿಸಿದ ಪತ್ರ ಒಮ್ಮೆ ಕೊಡಿ. ಒಂದು ತಿದ್ದುಪಡಿ ಇದೆ."

"ಹ್ಯಾಂಗ್ ಕೊಡ್ಲಿ? ಅಧ್ಯಕ್ಷರ ಹೆಸರಿಗೆ ಬಂದ ಪತ್ರ ಸಭಾದಾಗ ಒಡೀಬೇಕು. ನಿಯಮ ಮಾಡಿದವ್ರು ನೀವ, ಮುರಿಯಾಕ ಬಂದವ್ರೂ ನೀವ ಏನ್ರಿ?"

ತಾನು ಕಟ್ಟಿದ ಸಂಘ ಇಷ್ಟು ಶಿಸ್ತಿನದೆಂದು ಗಾಂವ್ಕರರಿಗೆ ಅಂಥ ಹೊತ್ತಿನಲ್ಲೂ ಹೆಮ್ಮೆಯೆನಿಸಿತು. ಹೆಮ್ಮೆಯಿಂದಲೇ ಕಂಗಾಲಾಗಿ ಮನೆಗೆ ಬಂದರು.

ಭಾನುವಾರ ಭಟ್ಟರ ಜಗಲಿಯಲ್ಲಿ ನಲವತ್ತು ಜನ. ಹೊಸ ಅಂಗಿಯ ಗಾಂವ್ಕರರು ಠರಾವು ಪುಸ್ತಕ ಬಿಚ್ಚಿ ಕೂತರು. ಸುಬ್ಬಲಕ್ಷ್ಮಿ ಹೆಂಗಸರ ಸಾಲಿನಲ್ಲಿದ್ದಳು. ಶಿವಪುತ್ರಪ್ಪ ಎದ್ದು, ಪತ್ರ ಒಡೆದು, ಸಂತೆಯಲ್ಲಿ ದರ ಕೂಗುವ ಕಂಠದಲ್ಲಿ ಓದತೊಡಗಿದ:

"ವಿಷಯ: ಸಂಘದ ಸದಸ್ಯತ್ವಕ್ಕೂ ಸಕಲ ಹುದ್ದೆಗಳಿಗೂ ರಾಜೀನಾಮೆ. ಮಾನ್ಯರೇ, ತಾವು ಒಕ್ಕಣ್ಣರು. ಅದು ತಪ್ಪಲ್ಲ. ಇರುವ ಒಂದು ಕಣ್ಣನ್ನೂ ಮುಚ್ಚಿಕೊಂಡು ಕೆಂಪು ಮೀಸೆಯ ಆ ಲೂಟಿಕೋರನ ಮಾತು ಕೇಳುತ್ತೀರಲ್ಲ, ಅದು..."

ಓದು ನಿಂತಿತು. ಶಿವಪುತ್ರಪ್ಪನ ಕೈ ಮೀಸೆಗೆ ಹೋಯಿತು.

"ಮುಂದೆ ಓದು," ಎಂದರು ಭಟ್ಟರು, ಇದ್ದ ಒಂದು ಕಣ್ಣನ್ನು ಅಗಲಿಸಿ.

"...ಅದು ತಪ್ಪು. ಸಭೆಯೆಂದರೆ ಕೊಂಬಿನಲ್ಲಿ ಜೇನುಮದ್ಯ ಕುಡಿದು ಮೇಜು ಗುದ್ದುವುದು ಎಂದಾಗಿದೆ. ಬಡವರ ಮನೆಗೆ ಬೆಂಕಿಯಿಡಿರೆಂಬ ತಮ್ಮ ಆದೇಶವನ್ನು ನಾನು ಪಾಲಿಸಲಾರೆ. ತಾವು ಕೊಟ್ಟ ಕೊಡಲಿಯನ್ನು ಹಿಂದಿರುಗಿಸುತ್ತಿದ್ದೇನೆ. ಲಗತ್ತು: ಕೊಡಲಿ, ಒಂದು."

ಭಟ್ಟರು ಹನ್ನೊಂದು ವರ್ಷ ಅಧ್ಯಕ್ಷರಾಗಿದ್ದವರು. ಸಿಟ್ಟಿಗಿಂತ ಮೊದಲು ಪದ್ಧತಿ ನೆನಪಾಯಿತು.

"ಲಗತ್ತು ಬಂದಿದ್ದಿಲ್ಲೆ," ಎಂದರು.

"ನನ್ನ ಮೀಸಿ ನಿಮಗ ಏನ್ ಮಾಡಿತ್ರಿ ಗಾಂವ್ಕರ್ರ?" ಎಂದು ಶಿವಪುತ್ರಪ್ಪ ಗುಡುಗಿದ. "ಲೂಟಿಕೋರ ಅಂತೀರಿ! ಮೊನ್ನೆ ನಿಮ್ಮ ಮನೀಗೆ ಬಂದ ಅಕ್ಕಿಯೊಳಗ ಒಂದ್ ಕಲ್ಲ ತೋರಸ್ರಿ ನೋಡೋಣು!"

"ಅದು ಈ ಸಂಘದ ಬಗ್ಗೆ ಅಲ್ಲ. ಬೇರೆ ಸಂಘ," ಎಂದರು ಗಾಂವ್ಕರರು ಕ್ಷೀಣವಾಗಿ.

"ಬೇರೆ ಸಂಘ?" ಭಟ್ಟರು ಮುಂದೆ ಬಾಗಿದರು. "ಎಲ್ಲಿದ್ದು?"

"ಉತ್ತರದಲ್ಲಿ."

"ಯಲ್ಲಾಪುರದಲ್ಲನಾ?"

"ಇನ್ನೂ ಉತ್ತರ. ಅಲ್ಲಿ ಹಿಮ ಬೀಳ್ತು."

"ಅಲ್ಲೆಂತ ನಿಂಗೆ ಹುದ್ದೆ?"

"ಕೊಡಲಿ..." ಎಂದವರೇ ತಡೆದರು.

"ಕೊಡಲಿ ಕೆಲಸ?" ಹಿಂದಿನಿಂದ ಯಾರೋ ಕೇಳಿದರು. "ಫಾರೆಸ್ಟಿನವರಿಗೆ ಗೊತ್ತಿದ್ದಾ?"

ಸಭೆ ಗೊಳ್ಳೆಂದಿತು. ಆ ನಗುವಿಗೆ ಗಾಂವ್ಕರರೊಳಗಿನ ಯೋಧ ಎದ್ದು ನಿಂತ. ಹೊರಗಿನ ಗಾಂವ್ಕರರೂ ಎದ್ದರು.

"ಹೌದು ಮಹನೀಯರೇ! ನಾನು ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡುತ್ತೇನೆ. ಆ ಸಂಘದಲ್ಲಿ ಕೊಡಲಿ ಹಿಡಿದವನೇ. ಆದರೆ ಬಡವರ ಮನೆಗೆ ಬೆಂಕಿಯಿಡು ಎಂದ ಕೂಡಲೇ ಅದನ್ನು ತೊರೆದು ಬಂದೆ. ಆಟವೇ ಆಗಲಿ, ಸಹಿ ಮಾಡಿ ತೊರೆದೆ! ನಿಮ್ಮಲ್ಲಿ ಎಷ್ಟು ಜನ ತತ್ವಕ್ಕಾಗಿ ಏನನ್ನಾದರೂ ಬಿಟ್ಟಿದ್ದೀರಿ?"

ಸುಬ್ಬಲಕ್ಷ್ಮಿ ಗಂಡನನ್ನು ದಿಟ್ಟಿಸಿ ನೋಡಿದಳು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ ಅವಳು ಹಾಗೆ ನೋಡಿದ್ದು ಅದೇ ಮೊದಲು. ಜೇಬಿನ ಭಾಷಣಕ್ಕಿಂತ ಇದು ಎಷ್ಟೋ ಚೆನ್ನಾಗಿತ್ತೆಂದು ಗಾಂವ್ಕರರಿಗೂ ಅನಿಸಿತು. ಶಿವಪುತ್ರಪ್ಪ ಕೂಡ ಮೀಸೆ ಬಿಟ್ಟು ಚಪ್ಪಾಳೆ ತಟ್ಟಿದ.

ಭಟ್ಟರು ಮಾತ್ರ ಪತ್ರವನ್ನು ತರಿಸಿಕೊಂಡು ಬಲಗಣ್ಣಿನ ಹತ್ತಿರ ಹಿಡಿದರು.

"ರಾಶಿ ಚೊಲೋ ಮಾತಾಡಿದೆ ತಮಾ. ಸಹಿ ನಿಂದೇಯಾ?"

"ನಂದೇಯಾ."

"ಯಾವ ಸಂಘ ಹೇಳಿ ಇದ್ರಲ್ಲಿ ಬರದ್ದಿಲ್ಲೆ."

"ಬರದ್ದಿಲ್ಲೆ."

"ಸಭೆಯಲ್ಲಿ ಓದಿದ ರಾಜೀನಾಮೆ ವಾಪಸ್ ತಗಳಲೆ ಬತ್ತಿಲ್ಲೆ ಹೇಳಿ ಹದಿನೇಳನೇ ನಿಯಮ. ಬರೆದವ್ರು ಯಾರು?"

ಗಾಂವ್ಕರರು ತಮ್ಮ ಎದೆಗೇ ಬೆರಳು ತೋರಿಸಿದರು. "ಆನೇಯಾ."

"ಹಂಗಾರೆ ಬರ್ಕ. ರಾಜೀನಾಮೆ ಸರ್ವಾನುಮತದಿಂದ ಸ್ವೀಕೃತ."

ಬರೆದುಕೊಂಡರು. ತನ್ನ ತಲೆ ತಾನೇ ಕಡಿಯುವಾಗಲೂ ಅಕ್ಷರ ಮುತ್ತಿನ ಹಾಗಿತ್ತು. ಒಂದು ಒತ್ತಕ್ಷರ ತಪ್ಪಲಿಲ್ಲ.

ಹಾಗಾದರೆ ಅಧ್ಯಕ್ಷರು ಯಾರು? ಎಲ್ಲರೂ ಎಲ್ಲರ ಮುಖ ನೋಡಿದರು. ಆಗ ಶಿವಪುತ್ರಪ್ಪ ಎದ್ದ. "ಜಾಗಾ ಯಾರ ಹೆಸರಿನ್ಯಾಗ ಐತೋ ಅವ್ರೂ ಸದಸ್ಯರ ಅಲ್ಲೇನ್ರಿ? ಗಾಂವ್ಕರ್ರ ಮನಿ ಜಾಗಾ ಅಕ್ಕಾರ ಹೆಸರಿಗೈತಿ. ಸಂಘದ ಒಂದ ಒಂದು ಪತ್ರಾನೂ ತಡಾ ಮಾಡದ ಮುಟ್ಟಿಸಿದವ್ರು ಅವ್ರು. ನಿನ್ನೀದೂ ಸೇರಿ! ಅಕ್ಕಾರ ಆಗ್ಲಿ."

ಮೂವತ್ತೊಂಬತ್ತು ಕೈ ಎದ್ದವು. ನಲವತ್ತನೆಯ ಕೈ ಬರೆಯುತ್ತಿತ್ತು. ಎತ್ತುವ ಹಕ್ಕೂ ಅದಕ್ಕೆ ಉಳಿದಿರಲಿಲ್ಲ.

ಸುಬ್ಬಲಕ್ಷ್ಮಿ ಬೇಡವೆನ್ನಲಿಲ್ಲ, ನಾಚಲೂ ಇಲ್ಲ. ಸೆರಗು ಸರಿಮಾಡಿಕೊಂಡು ಬಂದು ಭಟ್ಟರು ಬಿಟ್ಟುಕೊಟ್ಟ ಕುರ್ಚಿಯಲ್ಲಿ ಕೂತಳು. ಸುತ್ತ ಒಮ್ಮೆ ಕಣ್ಣಾಡಿಸಿದಳು. ಪಕ್ಕದಲ್ಲಿ ಗಂಡ ಪೆನ್ನು ಹಿಡಿದು, ಅಧ್ಯಕ್ಷರ ಮೊದಲ ಅಪ್ಪಣೆ ಬರೆದುಕೊಳ್ಳಲು ಸಿದ್ಧನಾಗಿದ್ದ.

"ಸದಸ್ಯರಲ್ಲದವ್ರು ಸಭೆಯಲ್ಲಿ ಕೂರಲೆ ಅಡ್ಡಿಲ್ಯನಾ?" ಎಂದು ಭಟ್ಟರನ್ನು ಕೇಳಿದಳು.

"ಅಡ್ಡಿ ಇದ್ದು," ಎಂದರು ಭಟ್ಟರು. "ಇಪ್ಪತ್ತನೇ ನಿಯಮ."

ಗಾಂವ್ಕರರು ಪೆನ್ನಿನ ಟೊಪ್ಪಿ ಹಾಕಿ, ಯೋಧನ ಗಾಂಭೀರ್ಯದಿಂದ ಎದ್ದು, ತಲೆಯೆತ್ತಿ ಹೊರಬಾಗಿಲ ಕಡೆ ನಡೆದರು.

"ಅತ್ಲಾಗೆ ಎಲ್ಲಿಗೆ?" ಅಧ್ಯಕ್ಷರ ದನಿ ಬೆನ್ನ ಹಿಂದೆ ಕೇಳಿಸಿತು. "ಅಡಿಗೆ ಮನೆ ಇತ್ಲಾಗಿದ್ದು. ನಲವತ್ತು ಜನಕ್ಕೆ ಚಾ ಆಗಕ್ಕು. ಅದಕ್ಕೆಂತ ಸದಸ್ಯತ್ವ ಬೇಡ."