ಬಾಟಲಿಯಲ್ಲಿ ಬೆಳೆದ ಕಂಚಿಗಿಡ

ಲ್ಯಾಬಿನಲ್ಲಿ ಕೆಲಸ ಮಾಡುವವರು ಬಹಳ ಗಂಭೀರ ಜನ ಎಂದುಕೊಂಡವರು ಒಮ್ಮೆ ನಮ್ಮ ಕಾಲೇಜಿಗೆ ಬರಬೇಕು. ನಗುವಂಥದ್ದು ಅಲ್ಲಿ ಏನಾದರೊಂದು ನಡೆಯುತ್ತಲೇ ಇರುತ್ತದೆ. ಆಮೇಲೆ ನೆನೆದಾಗ ಮನಸ್ಸಿಗೆ ಪಿಚ್ಚೆನಿಸುತ್ತದೆ, ಅಷ್ಟೇ.

೧. ಸಿಪ್ಪೆಯ ಪರೀಕ್ಷೆ

ಗೋರೆಗಾಂವ್‌ನ ನಮ್ಮ ಬಿಲ್ಡಿಂಗಿನ ಹಿಂದೆ ಅತ್ತೆ ಧಾರವಾಡದಿಂದ ತಂದು ನೆಟ್ಟ ಕಂಚಿಗಿಡವಿತ್ತು. ಅದರ ಹಣ್ಣಿನ ಸಿಪ್ಪೆಯ ಸಾರವನ್ನು ಬ್ಯಾಕ್ಟೀರಿಯಾ ಬೆಳೆಸುವ ತಟ್ಟೆಗೆ ಹಾಕಿ ನೋಡಿದೆ. ಸಾರ ಬಿದ್ದ ಜಾಗದ ಸುತ್ತ ಒಂದು ಕ್ರಿಮಿಯೂ ತಲೆ ಎತ್ತಲಿಲ್ಲ. ಖುಷಿಯಲ್ಲಿ ಮನೆಯಲ್ಲಿ ಹೇಳಿದ್ದೇ ತಪ್ಪಾಯಿತು. ಹೊಟ್ಟೆ ಕೆಟ್ಟು ಮಲಗಿದ್ದ ನನ್ನ ಗಂಡನಿಗೆ ಅತ್ತೆ ಮೂರು ಹೊತ್ತೂ ಕಂಚಿಕಾಯಿ ಉಪ್ಪಿನಕಾಯಿ ತಿನ್ನಿಸಿದರು.

"ತಿನ್ನಪಾ, ಲ್ಯಾಬಿನ್ಯಾಗ ಪಾಸಾಗೇತಿ."

ಪಾಸಾದದ್ದು ಸಿಪ್ಪೆ. ಇವರು ಮತ್ತೆ ರಜೆ ಹಾಕಿದರು.

೨. ಏಸಿ ರೂಮು

ಬಿಲ್ಡಿಂಗ್ ಕೆಡವಿ ಹೊಸದಾಗಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಯಿತು, ಗಿಡ ಕಡಿದರು. ಅತ್ತೆ ಸರಿಯಾಗಿ ಊಟ ಕೂಡ ಮಾಡಲಿಲ್ಲ. ಕಡಿಯುವ ಮುಂಚೆ ನಾನು ಅದರ ಚಿಗುರು ತಂದು, ಚೂರು ಮಾಡಿ, ಲ್ಯಾಬಿನ ಬಾಟಲಿಗಳಲ್ಲಿ ಬೆಳೆಯಲು ಇಟ್ಟಿದ್ದೆ. ಒಂದು ಸಸಿ ಎದ್ದರೂ ಅತ್ತೆಯ ಗಿಡ ಉಳಿದಂತೆ.

ಬಾಟಲಿಗಳನ್ನು ಇಟ್ಟ ರೂಮಿಗೆ ಧೂಳು, ಕ್ರಿಮಿ ಏನೂ ಸೋಕಬಾರದು. ಆದರೆ ಮೇ ತಿಂಗಳು. ಡಿಪಾರ್ಟ್‌ಮೆಂಟಿನಲ್ಲಿ ಏಸಿ ಇದ್ದದ್ದು ಅದೊಂದಕ್ಕೇ. ಮೊದಲು ಹೆಡ್ ಸರ್ ಊಟದ ಡಬ್ಬಿ ಹಿಡಿದು ಬಂದರು. "ಬಾಟಲಿಗೆ ಮುಚ್ಚಳ ಇದೆಯಲ್ಲ ಮೇಡಂ" ಎಂದರು. ಅವರ ಬೆನ್ನಿಗೇ ಎಲ್ಲರೂ ಬಂದರು. ಒಂದು ಬಾಟಲಿ ಬಿಟ್ಟು ಉಳಿದವಕ್ಕೆಲ್ಲ ಬೂಷ್ಟು ಹಿಡಿಯಿತು.

ಬೂಷ್ಟು ಹೇಗೆ ಬಂತೆಂದು ವಿಚಾರಿಸಲು ಸರ್ ಮೀಟಿಂಗ್ ಕರೆದರು. ಸೆಖೆಯೆಂದು ಅದನ್ನೂ ಆ ರೂಮಿನಲ್ಲೇ ಇಟ್ಟುಕೊಂಡರು.

೩. ಆರೈಕೆ

ಉಳಿದ ಒಂದೇ ಬಾಟಲಿಯಲ್ಲಿ ಸಸಿ ಎದ್ದು ಬೇರೂ ಬಿಟ್ಟಿತು. ಅದನ್ನು ಕುಂಡದಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಚೀಲ ಮುಚ್ಚಿ, ನಮ್ಮ ಬಾಡಿಗೆ ಮನೆಗೆ ತಂದೆ. ಬಾಟಲಿಯ ತೇವದಲ್ಲಿ ಬೆಳೆದ ಸಸಿ ಹೊರಗಿನ ಗಾಳಿ ತಡೆಯುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ರೂಢಿ ಮಾಡಿಸಬೇಕು. ಚೀಲ ತೆಗೆಯಬೇಡಿ ಎಂದು ಅತ್ತೆಗೆ ಹೇಳಿ ಕೆಲಸಕ್ಕೆ ಹೋದೆ. ಅವರೂ ತಲೆಯಾಡಿಸಿದರು.

ಸಂಜೆ ಬಂದು ನೋಡಿದರೆ ಚೀಲ ಬದಿಗಿತ್ತು, ಸಸಿ ಬಾಡಿ ಬಿದ್ದಿತ್ತು. ಅತ್ತೆ ಪಕ್ಕದಲ್ಲಿ ಕೂತು ಪೇಪರಿನಿಂದ ಅದಕ್ಕೆ ಗಾಳಿ ಬೀಸುತ್ತಿದ್ದರು.

"ಚೀಲದಾಗ ಉಸಿರು ಕಟ್ಟಿ ಸಾಯಾಕತ್ತಿತ್ತವಾ, ಪಾಪ. ತಗದು, ಮುಂಜಾನಿಂದ ಗಾಳಿ ಹಾಕಾಕತ್ತೀನಿ. ನನ್ನ ಕೈ ಬಿದ್ದು ಹೋದ್ವು, ಆದ್ರೂ ಸುಧಾರಸವಲ್ದು."

ಗಾಳಿಯೇ ಅದನ್ನು ಒಣಗಿಸಿದ್ದು ಎನ್ನಲು ಬಾಯಿ ತೆರೆದೆ. ಅತ್ತೆಯ ಮುಖ ನೋಡಿ ಪಕ್ಕದಲ್ಲಿ ಕೂತೆ.

"ಜರಾ ನೀ ಹಿಡಿಯವಾ" ಎಂದು ಪೇಪರನ್ನು ನನ್ನ ಕೈಗಿಟ್ಟರು. "ಜೋರಾಗಿ ಬೀಸು."

ಬೀಸಿದೆ.