ಮೊದಲು ಎದುರಿನವನ ಮಾತು ಹೇಳು

ನಮ್ಮ ಅಕ್ಕನನ್ನು ಒಂದು ಮಾತು ಕೇಳಿದ್ದರೆ ಜಗತ್ತಿನ ಅರ್ಧ ಯುದ್ಧಗಳು ನಡೆಯುತ್ತಲೇ ಇರಲಿಲ್ಲ. ಉಳಿದರ್ಧ ಯುದ್ಧಗಳು ಅಕ್ಕನ ಮೇಲೆಯೇ ನಡೆಯುತ್ತಿದ್ದವು! ಇದು ಅತಿಯಾಯಿತು ಎಂದು ನಿಮಗನ್ನಿಸಿದರೆ, ನೀವು ಆಕೆಯ ಮುಂದೆ ನಿಂತು ಒಮ್ಮೆಯೂ ಜಗಳವಾಡಿಲ್ಲ ಎಂದೇ ಅರ್ಥ.

ಅಕ್ಕ ಕಲಿತದ್ದು ಎರಡನೆಯ ಇಯತ್ತೆ, ನಾನು ನಾಲ್ಕನೆಯದು. ಹೀಗಾಗಿ ಕೆಂಭಾವಿ ಕಡೆಯ ನಮ್ಮ ಹಳ್ಳಿಯ ಆ ಎರಡು ಕೋಣೆಯ ಮನೆಯಲ್ಲಿ ಪಂಡಿತ ನಾನೇ. ಮದುವೆಯಾಗಿ ತಿಂಥಣಿ ಆಚೆಗಿನ ಊರಿಗೆ ಹೋಗಿದ್ದ ಅಕ್ಕ, ಎರಡು ವರ್ಷದಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದಳು. ಬರುವಾಗ ಒಂದು ಟ್ರಂಕು ತಂದಳು, ಜೊತೆಗೆ ಒಂದು ಹುಚ್ಚೂ ತಂದಳು. ಮನುಷ್ಯರು ಯಾಕೆ ಹೊಡೆದಾಡುತ್ತಾರೆ ಎಂದು ತಿಳಿದುಕೊಳ್ಳುವ ಹುಚ್ಚು. ಉಳಿದ ಹೆಂಗಸರಿಗೆ ಕಸೂತಿಯ ಹುಚ್ಚು, ಪುರಾಣ ಕೇಳುವ ಹುಚ್ಚು ಇರುತ್ತದೆ. ನಮ್ಮ ಮನೆಗೇ ಇಂಥದ್ದು ಬರಬೇಕೆ?

ನಮಗೆ ಜಗತ್ತಿನ ಸುದ್ದಿ ಬರುತ್ತಿದ್ದದ್ದು ಕೆಂಭಾವಿ ಸಂತೆಯಿಂದ, ಭಜಿಯ ಜೊತೆ. ಭಜಿ ಕಟ್ಟಿದ ಕಾಗದವನ್ನು ಅಕ್ಕ ಎಸೆಯಗೊಡುತ್ತಿರಲಿಲ್ಲ. ಬಿಸಿಲಿಗೆ ಒಣಗಿಸಿ, ಮಡಿಕೆ ಬಿಡಿಸಿ, ನನ್ನನ್ನು ಹೊಸ್ತಿಲ ಮೇಲೆ ಕೂಡಿಸಿ ಓದಿಸುತ್ತಿದ್ದಳು. ಮಳೆ ಬೆಳೆಯ ಸುದ್ದಿ ಬೇಡ, ಸಿನಿಮಾ ಸುದ್ದಿ ಬೇಡ. ಎಲ್ಲಿ ಯುದ್ಧ, ಯಾರ ಮೇಲೆ ಯಾರು, ಏನು ಕಾರಣ ಕೊಟ್ಟರು, ಇಷ್ಟೇ ಬೇಕು. ಒಮ್ಮೆ ಎಲ್ಲೋ ಮರಳುಗಾಡಿನ ಎರಡು ದೇಶಗಳ ಸುದ್ದಿ ಓದುತ್ತಿದ್ದೆ. ಯಾಕೆ ಯುದ್ಧಕ್ಕಿಳಿದೆವು ಎಂದು ಒಂದು ದೇಶದ ಮಂತ್ರಿ ಹೇಳುವ ಜಾಗದಲ್ಲೇ ಸರಿಯಾಗಿ ಕಾಗದ ಮೆಣಸಿನಕಾಯಿ ಭಜಿಯ ಎಣ್ಣೆ ಕುಡಿದು ಅಕ್ಷರಗಳು ಮಾಯವಾಗಿದ್ದವು. ಕಾಣುವುದಿಲ್ಲ ಎಂದೆ.

"ಕಾಣೂದು ಬ್ಯಾಡ ಬಿಡು," ಎಂದಳು ಅಕ್ಕ. "ಅವರೇ ಮೊದಲ ಶುರು ಮಾಡ್ಯಾರ ಅಂತ ಬರದಿರ್ತದ."

ಮುಂದಿನ ಸಂತೆಗೆ ಅದೇ ಸುದ್ದಿಯ ಇನ್ನೊಂದು ತುಂಡು ಸಿಕ್ಕಿತು, ಈ ಸಲ ಬದನೆಕಾಯಿ ಭಜಿಯ ಜೊತೆ. ಎದುರಿನ ದೇಶದ ಮಂತ್ರಿಯ ಮಾತು ಸ್ವಚ್ಛವಾಗಿ ಅಚ್ಚಾಗಿತ್ತು. ಅವರೇ ಮೊದಲು ಶುರು ಮಾಡಿದರು!

ಇದರಲ್ಲಿ ಒಂದು ತೊಂದರೆಯಿತ್ತು. ಕಾಗದ ನಮ್ಮ ಕೈ ಸೇರುವ ಹೊತ್ತಿಗೆ ನಾಲ್ಕಾರು ತಿಂಗಳು ಹಳೆಯದಾಗಿರುತ್ತಿತ್ತು. ಅಕ್ಕ ಎರಡು ದಿನ ಸರಿಯಾಗಿ ಉಣ್ಣದೆ, ರೊಟ್ಟಿ ತಟ್ಟುತ್ತ, ಕಸ ಗುಡಿಸುತ್ತ, ಯಾರ ಮಾತಿನಲ್ಲಿ ಎಷ್ಟು ಹುರುಳು ಎಂದು ತೂಗಿ ತೀರ್ಪು ಕೊಡುವಷ್ಟರಲ್ಲಿ ಆ ದೇಶಗಳ ದೊರೆಗಳು ಕೈಕುಲುಕಿ, ಒಟ್ಟಿಗೆ ಊಟ ಮಾಡಿ, ಮನೆಗೆ ಹೋಗಿರುತ್ತಿದ್ದರು. ನಮ್ಮ ಹೊಸ್ತಿಲ ಮೇಲೆ ಮಾತ್ರ ಯುದ್ಧ ಜೋರಾಗಿ ನಡೆದಿರುತ್ತಿತ್ತು. ಶಾಂತಿಗಾಗಿ ಯುದ್ಧ ಮಾಡಿದೆವು ಎನ್ನುವ ಮಾತು ಮಾತ್ರ ಆಕೆಗೆ ಎಂದೂ ಅರಗಲಿಲ್ಲ. ನಮ್ಮ ಊರಿನವರು ಸಿಟ್ಟು ಬಂತು, ಹೊಡೆದೆವು ಎಂದು ಖುಲ್ಲಾ ಹೇಳುತ್ತಾರೆ, ಅವರೇ ವಾಸಿ ಎನ್ನುತ್ತಿದ್ದಳು.

ಓದಿಸಿ ಓದಿಸಿ ಅಕ್ಕ ಒಂದು ಕಾನೂನು ಕಂಡುಹಿಡಿದಳು. ಜಗಳ ತಂದವರು ಯಾರೇ ಇರಲಿ, ಮೊದಲು ಎದುರಿನವರ ಮಾತನ್ನು ತಾವೇ ಹೇಳಬೇಕು. ಎದುರಿನವರು ಅದನ್ನು ಕೇಳಿ 'ಹೌದು, ನನ್ನ ಮಾತು ಇದೇ' ಎನ್ನಬೇಕು. ಆಮೇಲೆಯೇ ತಮ್ಮ ಮಾತು. ಸುಲಭ ಅನ್ನಿಸುತ್ತದೆಯೆ? ಮನೆಯಲ್ಲಿ ಒಮ್ಮೆ ಮಾಡಿ ನೋಡಿ!

ಈ ಕಾನೂನು ಮೊದಲು ಜಾರಿಗೆ ಬಂದದ್ದು ಒಂದು ತತ್ತಿಯ ಮೇಲೆ. ನಮ್ಮ ಎಡಮನೆಯವಳ ಕೋಳಿ ಬಲಮನೆಯವಳ ಬಣವೆಯಲ್ಲಿ ತತ್ತಿ ಇಟ್ಟಿತ್ತು. ತತ್ತಿ ಯಾರದು? ಮೂರು ದಿನ ಓಣಿಯಲ್ಲಿ ಕಿವಿ ಕೊಡುವಂತಿರಲಿಲ್ಲ. ಅಕ್ಕ ಎಡಮನೆಯವಳನ್ನು ಕರೆದು, ಬಲಮನೆಯವಳ ಮಾತು ಹೇಳು ಎಂದಳು. ಆಕೆ ಒಲ್ಲದ ಮನಸ್ಸಿನಿಂದ ಶುರು ಮಾಡಿದಳು. ಹೇಳುತ್ತ ಹೇಳುತ್ತ ಮೈಮೇಲೆ ಬಂತು. ಬಣವೆ ಕೆದರಿದ್ದು, ಕಾಳು ತಿಂದದ್ದು, ಅಂಗಳ ಹೊಲಸು ಮಾಡಿದ್ದು ಎಲ್ಲ ಒದರಿ, ಕೊನೆಗೆ, "ಇಂಥಾ ಬಾಯಿಬಡಕಿ ಬಾಜೂಕ ಹೆಂಗ ಬಾಳ್ವೆ ಮಾಡಬೇಕರಿ?" ಎಂದು ತನ್ನನ್ನೇ ತಾನು ಬೈದುಕೊಂಡು ನಿಂತಳು. ಬಲಮನೆಯವಳು ಕಣ್ಣೊರೆಸಿಕೊಂಡು 'ಹೌದು' ಎಂದಳು. ಅಷ್ಟರಲ್ಲಿ ತತ್ತಿಯನ್ನು ನಾಯಿ ತಿಂದಿತ್ತು.

ಇಷ್ಟಕ್ಕೇ ನಿಂತಿದ್ದರೆ ಅಕ್ಕ ಊರಿಗೆ ಬೇಕಾದವಳಾಗಿ ಉಳಿಯುತ್ತಿದ್ದಳು. ಆದರೆ ಒಂದು ಬೇಸಿಗೆಯಲ್ಲಿ ನಮ್ಮ ದೇಶದ ಗಡಿಯಲ್ಲೇ ಗುಂಡುಗಳು ಹಾರತೊಡಗಿದವು. ಶಾಲೆಯ ಮಾಸ್ತರರು ಹುಡುಗರನ್ನು ಸಾಲಾಗಿ ನಿಲ್ಲಿಸಿ, ಶತ್ರು ಎಂಥ ಕೆಟ್ಟವನು ಎಂದು ಭಾಷಣ ಮಾಡಿದರು. ಊರೆಲ್ಲ ಚಪ್ಪಾಳೆ ತಟ್ಟಿತು. ಚಪ್ಪಾಳೆ ಮುಗಿಯಲೆಂದು ಕಾದಿದ್ದ ಅಕ್ಕ, ಸೆರಗು ಹೊದ್ದುಕೊಂಡು ಬಹಳ ವಿನಯದಿಂದ ಕೇಳಿದಳು:

"ಮಾಸ್ತರ್ರೀ, ಅಲ್ಲಿ ಸಾಲಿ ಮಾಸ್ತರು ಇವತ್ತ ಹುಡುಗ್ರಿಗಿ ಏನು ಹೇಳಿರಬೇಕ್ರಿ?"

ಅಂದಿನಿಂದ ಆಕೆಗೆ 'ಶತ್ರುವಿನ ವಕೀಲೆ' ಎಂದು ಹೆಸರು ಬಿತ್ತು. ಬಸ್ ನಿಲ್ಲುವಲ್ಲಿ ಚಹಾದಂಗಡಿ ಇಟ್ಟವನ ಮಗ ಸೈನ್ಯದಲ್ಲಿದ್ದ. ಮರುದಿನ ಅಂಗಡಿಯವನು ಅಕ್ಕನ ಮುಂದಿನ ಕಪ್ಪನ್ನು ತೆಗೆದು ಚಹಾ ಚೆಲ್ಲಿಬಿಟ್ಟ. ನನಗೆ ರಕ್ತ ಕುದಿಯಿತು. ಅಕ್ಕ ನನ್ನ ರಟ್ಟೆ ಹಿಡಿದು ಹೊರಗೆ ತಂದು, ಅವನ ಮಾತನ್ನು ನನಗೆ ಹೇಳಿದಳು. "ಮಗ ಗಡಿಮ್ಯಾಗ ನಿಂತಾನ. ಇಲ್ಲಿ ಅವನಪ್ಪಗ ಮಾಡಾಕ ಏನದ? ನನಗ ಚಹಾ ಕೊಡದಿರೂದು ಒಂದೇ."

ತಿಂಗಳಾದ ಮೇಲೆ ಆ ಚಹಾದಂಗಡಿಯವನೇ ನಮ್ಮ ಮನೆಗೆ ಬಂದ. ಹೊಸ್ತಿಲ ಮೇಲೆ ಕುಳಿತು ಮಳೆ ಬೆಳೆಯ ಮಾತಾಡಿದ. ಆಮೇಲೆ, ತನ್ನ ಮಗನ ಎದುರು ಬಂದೂಕು ಹಿಡಿದು ನಿಂತವನ ಅಪ್ಪನೂ ಎಲ್ಲೋ ಒಂದು ಚಹಾದಂಗಡಿ ಇಟ್ಟಿರಬಹುದೇ ಎಂದು ಕೇಳಿದ. ಇಟ್ಟಿರಬಹುದು, ನಿನಗಿಂತ ಚಲೋ ಚಹಾ ಮಾಡುತ್ತಿರಬೇಕು ಎಂದಳು ಅಕ್ಕ. ಅವನು ನಕ್ಕ, ನಗುತ್ತಲೇ ಅತ್ತ. ಮರುದಿನದಿಂದ ಅಕ್ಕನಿಗೆ ಎರಡು ಕಪ್ ಚಹಾ! ಯುದ್ಧಕ್ಕೆ ಕಾರಣ ಕೊಡುವವರು ಬೇರೆ, ಹೋಗುವವರು ಬೇರೆ, ಕಾಯುವವರು ಇನ್ನೂ ಬೇರೆ ಎಂದು ಅಕ್ಕ ನನಗೆ ಹೇಳಿದ್ದು ಆ ದಿನಗಳಲ್ಲೇ. ನಾನು ತಲೆಯಾಡಿಸಿದೆ. ನಾಲ್ಕನೆಯ ಇಯತ್ತೆಯ ತಲೆ, ಆಡಿಸಲು ಹಗುರವಾಗಿತ್ತು.

ಇಷ್ಟು ನಗಿಸಿದ ಮೇಲೆ ನನ್ನ ಕಥೆಗೆ ಬರಬೇಕು. ಇಲ್ಲಿಯವರೆಗೆ ಬರೆದದ್ದು ಅದನ್ನು ಹೇಳುವ ಧೈರ್ಯ ಬರಲೆಂದೇ.

ಅಪ್ಪ ಸಾಯುವ ಮುಂಚೆ ಹೊಲವನ್ನು ಎರಡು ಪಾಲು ಮಾಡಿದ್ದ. ಮೇಲಿನದು ನನಗೆ, ಕೆಳಗಿನದು ಅಕ್ಕನಿಗೆ. ಆಗ ಅದು ಒಣ ಎರೆಭೂಮಿ. ಯಾರ ಪಾಲು ಎಲ್ಲಿಗೆ ಮುಗಿಯುತ್ತದೆ ಎಂದು ಇಬ್ಬರೂ ನೋಡಿದವರಲ್ಲ. ನಾನು ಬಿತ್ತುತ್ತ ಬಿತ್ತುತ್ತ ಆಕೆಯ ಹೊಲಕ್ಕೆ ಹೋಗಿಬಿಡುತ್ತಿದ್ದೆ, ಆಕೆ ಕಳೆ ತೆಗೆಯುತ್ತ ನನ್ನ ಹೊಲಕ್ಕೆ ಬಂದುಬಿಡುತ್ತಿದ್ದಳು. ಆಮೇಲೆ ಕಾಲುವೆ ಬಂತು. ಕೃಷ್ಣೆಯ ನೀರು ನಮ್ಮ ಎರೆಗೆ ಬಂದ ದಿನ ನಾನು ಅಂಗಿ ಸಮೇತ ಅದರಲ್ಲಿ ಬಿದ್ದು ಹೊರಳಾಡಿದ್ದೇನೆ. ನೀರು ನನ್ನ ಹೊಲವನ್ನು ದಾಟಿ ಅಕ್ಕನ ಹೊಲಕ್ಕೆ ಹೋಗಬೇಕು. ವಾರದಲ್ಲಿ ಐದು ದಿನ ನನ್ನ ಪಾಳಿ, ಶುಕ್ರವಾರ ಶನಿವಾರ ಆಕೆಯ ಪಾಳಿ. ಅಕ್ಕ ಜೋಳ, ಶೇಂಗಾ ಹಾಕಿದಳು. ನಾನು ಎಲ್ಲರಂತೆ ಭತ್ತ ನಾಟಿ ಮಾಡಿದೆ. ಭತ್ತಕ್ಕೆ ಐದು ದಿನ ಎಲ್ಲಿ ಸಾಕಾಗುತ್ತದೆ?

ನನಗೆ ನೀರು ಬೇಕಾಗಿತ್ತು. ಮಾತು ಇಷ್ಟೇ. ಆದರೆ ಇಷ್ಟೇ ಮಾತನ್ನು ಯಾವ ದೇಶ ಹೇಳಿದೆ, ನಾನು ಹೇಳಲು? ನಾನೂ ಕಾರಣ ಹುಡುಕಿದೆ. ಅಕ್ಕನದು ಒಂದೇ ಹೊಟ್ಟೆ. ಜೋಳಕ್ಕೆ ಅಷ್ಟು ನೀರು ಬೇಕಿಲ್ಲ, ಹೆಚ್ಚಾದರೆ ಕೊಳೆಯುತ್ತದೆ, ಹಾಗಾಗಿ ನೀರು ಕಟ್ಟುವುದು ಆಕೆಯ ಒಳ್ಳೆಯದಕ್ಕೇ! ಚಹಾದಂಗಡಿಯಲ್ಲಿ ಕುಳಿತು ಇದನ್ನೆಲ್ಲ ಹೇಳಿದೆ. ಭತ್ತ ಹಾಕಿದವರೆಲ್ಲ ನನ್ನ ಕಡೆಯಾದರು. ಅವರಿಗೂ ಒಬ್ಬೊಬ್ಬ ಕೆಳಗಿನ ಹೊಲದವನು ಇದ್ದನಲ್ಲ!

ಆದರೂ ಒಂದು ಗಟ್ಟಿ ಕಾರಣ ಬೇಕಾಗಿತ್ತು. ಒಂದು ಗುರುವಾರ ಮಧ್ಯಾಹ್ನ, ಯಾರೂ ಇಲ್ಲದಾಗ, ನನ್ನ ಹೊಲದ ಒಡ್ಡನ್ನು ನಾನೇ ಸಲಿಕೆಯಿಂದ ಕಡಿದೆ. ನನ್ನದೇ ಭತ್ತದ ನೀರು ಅಕ್ಕನ ಹೊಲಕ್ಕೆ ಹರಿದುಹೋಗುವುದನ್ನು ನಿಂತು ನೋಡಿದೆ. ಆಮೇಲೆ ಊರೊಳಗೆ ಓಡಿಹೋಗಿ, ಅಕ್ಕ ಒಡ್ಡು ಒಡೆದಳು ಎಂದು ಬಾಯಿ ಬಡಿದುಕೊಂಡೆ. ಶುಕ್ರವಾರ ಆಕೆಯ ಕಾಲುವೆಗೆ ಕಲ್ಲು ಮಣ್ಣು ತುಂಬಿದೆ. ಯಾಕೆಂದರೆ ಆಕೆಯೇ ಮೊದಲು ಶುರು ಮಾಡಿದ್ದಳು!

ಒಂದು ಮಾತು ನಂಬಿ. ಎಂಟು ದಿನ ಹೇಳಿದ ಮೇಲೆ, ಅಕ್ಕನೇ ಒಡ್ಡು ಕಡಿದಳು ಎಂದು ನನಗೆ ಖರೇನೇ ಅನ್ನಿಸತೊಡಗಿತು. ಆಕೆ ಸಲಿಕೆ ಎತ್ತಿದ್ದು ಕಣ್ಣಿಗೆ ಕಟ್ಟುತ್ತಿತ್ತು. ಭಜಿ ಕಾಗದದ ಆ ಮಂತ್ರಿಗಳು ಸುಳ್ಳು ಹೇಳುತ್ತಿದ್ದರು ಎಂದು ಅಲ್ಲಿಯವರೆಗೆ ತಿಳಿದಿದ್ದೆ. ಇಲ್ಲ, ಪಾಪ, ಅವರೂ ಎಂಟು ದಿನ ಹೇಳಿರಬೇಕು.

ಹನುಮಂತ ದೇವರ ಕಟ್ಟೆಗೆ ಹಿರಿಯರು ಸೇರಿದರು. ಜಗಳ ಅಕ್ಕನದೇ ಆದಮೇಲೆ ಕಾನೂನೂ ಅಕ್ಕನದೇ ಇರಲಿ ಎಂದು ಯಾರೋ ನಗುತ್ತ ಅಂದರು. ಮೊದಲು ಅಕ್ಕ ನನ್ನ ಮಾತು ಹೇಳಬೇಕಾಯಿತು. ಆಕೆ ಕಟ್ಟೆಯ ಕೆಳಗೆ ಕುಳಿತು, ನೆಲ ನೋಡುತ್ತ ಹೇಳಿದಳು.

"ನನ್ನ ತಮ್ಮಗ ಮೂರು ಮಕ್ಕಳ್ರಿ. ಭತ್ತ ನೀರಾಗ ನಿಲ್ಲೂ ಬೆಳಿ, ಎರಡು ದಿನ ತಪ್ಪಿದ್ರ ನೆಲ ಬಿರೀತದ. ಕಾಲುವಿ ತೋಡೂ ಮುಂದ ಮಣ್ಣು ಹೊತ್ತು ಅವನ ಹೆಗಲು ಸುಲದಿತ್ತು, ನಾ ಎಣ್ಣಿ ಹಚ್ಚೀನಿ. ಅಪ್ಪ ಸಾಯೂತನ ಮಂದಿ ಹೊಲದಾಗ ದುಡದಾನ. ತಾನೂ ಹಂಗ ಆಗ್ತೀನೇನಂತ ಅವಂಗ ಹೆದರಿಕಿ ಅದ. ಆ ಹೆದರಿಕಿ ಯಾರ ಮುಂದೂ ಹೇಳಿಲ್ಲ ಅವ."

ನನ್ನ ಹೆಂಡತಿಗೂ ಹೇಳದ ಹೆದರಿಕೆ ಅದು. ಅಕ್ಕನಿಗೆ ಹೇಗೆ ಗೊತ್ತಾಯಿತು? ಕಟ್ಟೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು 'ಹೌದು' ಎಂದೆ. ಆಕೆಯಷ್ಟು ಚೆನ್ನಾಗಿ ನನ್ನ ವಕೀಲಿ ನಾನೂ ಮಾಡುತ್ತಿರಲಿಲ್ಲ. ಅರ್ಧ ತೀರ್ಪು ಅಲ್ಲೇ ನನ್ನ ಕಡೆ ಆಗಿಹೋಗಿತ್ತು!

ಈಗ ಆಕೆಯ ಮಾತು ನಾನು ಹೇಳಬೇಕು. ನನಗೆ ಬರುತ್ತಿರಲಿಲ್ಲವೆ? ಎಲ್ಲ ಬರುತ್ತಿತ್ತು. ಆ ಹೊಲ ಬಿಟ್ಟರೆ ಆಕೆಗೆ ತನ್ನದು ಎನ್ನುವುದು ಇರಲಿಲ್ಲ. ತಮ್ಮನ ಮನೆಯ ಹಂಗಿನ ರೊಟ್ಟಿ ತಿನ್ನಬಾರದೆಂದು ಜೋಳ ಬೆಳೆಯುತ್ತಿದ್ದಳು. ಒಡ್ಡು ಕಡಿದವಳು ಆಕೆಯಲ್ಲ. ಆದರೆ ಆಕೆಯ ಮಾತಿನ ಬಾಗಿಲು ತೆರೆದರೆ ಮೊದಲು ಹೊರಬರುವುದು ನನ್ನ ಸಲಿಕೆಯೇ. ಎಲ್ಲರೂ ಕಾಯುತ್ತಿದ್ದರು. ನಾನೆಂದೆ:

"ಆಕಿದೇನೂ ಮಾತು ಇಲ್ರಿ."

ಅಕ್ಕ ತಲೆ ಎತ್ತಿ ನನ್ನನ್ನು ನೋಡಿದಳು. ಕಾನೂನಿನ ಪ್ರಕಾರ ಆಕೆ ಹೌದು ಎನ್ನಬೇಕು, ಇಲ್ಲವೇ ಅಲ್ಲ ಎನ್ನಬೇಕು.

"ಹೌದು," ಎಂದಳು.

ತೀರ್ಪು ನನ್ನ ಕಡೆಯಾಯಿತು. ಆ ವರ್ಷ ಭತ್ತ ಎಷ್ಟು ಚೆನ್ನಾಗಿ ಬಂತೆಂದರೆ, ನೋಡಲು ಪಕ್ಕದ ಊರವರೂ ಬಂದರು. ಅಕ್ಕ ಮಾತ್ರ ನೋಡಲಿಲ್ಲ. ಶೇಂಗಾ ಒಣಗಿದ ವಾರವೇ ಟ್ರಂಕು ಹೊತ್ತು ಶಹಾಪುರಕ್ಕೆ ಹೋಗಿ, ಹೆಣ್ಣುಮಕ್ಕಳ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆಗೆ ನಿಂತಳು. ಗೆದ್ದವನಿಗೆ ಏನು ಸಿಗುತ್ತದೆ ಎಂದು ಯಾರೂ ಸರಿಯಾಗಿ ಬರೆಯುವುದಿಲ್ಲ. ನಾನು ಬರೆಯುತ್ತೇನೆ. ಏಳು ದಿನದ ನೀರು ಸಿಗುತ್ತದೆ. ಒಡ್ಡಿನ ಮೇಲೆ ಕುಳಿತು ಬುತ್ತಿ ಬಿಚ್ಚಿದರೆ ಆಚೆ ದಡದಿಂದ, ಏನು ಪಲ್ಯ ತಂದಿ ಎಂದು ಕೇಳುವವರು ಸಿಗುವುದಿಲ್ಲ. ಹೆಂಡತಿ ಕೇಳುತ್ತಾಳಲ್ಲ ಎನ್ನಬೇಡಿ. ಪಲ್ಯ ಮಾಡಿದವಳೇ ಆಕೆ, ಆಕೆ ಯಾಕೆ ಕೇಳುತ್ತಾಳೆ?

ನಾಲ್ಕು ವರ್ಷ ಸುರಪುರದ ದವಾಖಾನೆ, ಯಾದಗಿರಿಯ ಕಚೇರಿ ಎಂದು ಶಹಾಪುರದ ಸುತ್ತಲೇ ಓಡಾಡಿದೆ. ಎರಡು ಸಲ ಶಹಾಪುರದ ಬಸ್ ನಿಲ್ದಾಣದಲ್ಲಿ ಇಳಿದು, ಬಂದ ಬಸ್ಸಿಗೇ ಹತ್ತಿ ವಾಪಸಾದೆ. ಮೂರನೆಯ ಸಲ ಹಾಸ್ಟೆಲ್ಲಿನ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿತ್ತು. ಕುಳಿತುಕೋ ಎಂದಳು. ನಾನು ಕೂಡಲಿಲ್ಲ. ನಿಂತೇ, ಶಾಲೆಯಲ್ಲಿ ಮಗ್ಗಿ ಒಪ್ಪಿಸುವವನಂತೆ, ಆಕೆಯ ಮಾತನ್ನು ಹೇಳಿದೆ. ಹೊಲ, ಜೋಳ, ಹಂಗಿನ ರೊಟ್ಟಿ, ಎಲ್ಲ ಹೇಳಿದೆ. ಸಲಿಕೆಯನ್ನೂ ಹೇಳಿದೆ. ರೊಟ್ಟಿ ತಟ್ಟುವ ಸಪ್ಪಳ ಒಮ್ಮೆಯೂ ನಿಲ್ಲಲಿಲ್ಲ. ನಾನು ಮುಗಿಸಿ, ಆಕೆ ಹೌದು ಎನ್ನಲೆಂದು ಕಾದೆ. ಅನ್ನಲಿಲ್ಲ. ಆ ಗುರುವಾರ ಮಧ್ಯಾಹ್ನ ತಾನು ಜೋಳದೊಳಗೇ ಕಳೆ ತೆಗೆಯುತ್ತಿದ್ದೆ, ಸಲಿಕೆ ಕಂಡಿತ್ತು ಎಂದಷ್ಟೇ ಅಂದಳು. ಹಾಗಾದರೆ ಕಟ್ಟೆಯ ಮುಂದೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನೀ ಹೇಳ್ತಿ ಅಂತ ಕುಂತಿದ್ದೆ," ಎಂದಳು.

ಊರಿಗೆ ಬಾ ಎಂದೆ. ಹುಡುಗಿಯರ ಪರೀಕ್ಷೆ ಹತ್ತಿರ ಬಂದಿದೆ ಎಂದಳು. ಎರಡು ರೊಟ್ಟಿ ತಿನ್ನಿಸಿ ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದಳು. ದಾರಿಯಲ್ಲಿ ನನ್ನ ಮಕ್ಕಳನ್ನು ಒಬ್ಬೊಬ್ಬರಾಗಿ ಕೇಳಿದಳು. ಹೊಲದ ಮಾತು ತೆಗೆಯಲಿಲ್ಲ. ನಾನು ಕಿಟಕಿಯ ಪಕ್ಕ ಕುಳಿತೆ. ಬಸ್ಸು ಗುರುಗುಟ್ಟತೊಡಗಿದಾಗ ಆಕೆ ಕಿಟಕಿಯ ಕಂಬಿ ಹಿಡಿದು, ನನ್ನ ಕಡೆ ನೋಡದೆ, ಬೇರೆ ಯಾರಿಗೋ ಎಂಬಂತೆ ಹೇಳಿದಳು:

"ನನ್ನ ಮಾತು ಹೇಳೂ ಮುಂದ ಒಂದು ಬಿಟ್ಟಿ ನೋಡು. ಇಲ್ಲಿ ಎಲ್ಲಾರೂ ನನಗ ಭಾಳ ಮರ್ಯಾದಿ ಕೊಡ್ತಾರ. ನನ್ನ ಕೂಡ ಜಗಳ ತಗಿಯಾಕ ಒಬ್ಬರೂ ಇಲ್ಲೋ ತಮ್ಮಾ."