ಹಂಡೆಯ ಮೇಲಿನ ಎರಡಕ್ಷರ

ಗಂಡನ ಕೈಗೆ ರೊಕ್ಕ ಕೊಟ್ಟು ಸಂತೆಗೆ ಕಳಿಸುವುದೂ ಒಂದೇ, ಕೋಳಿಯನ್ನು ಜೋಳದ ರಾಶಿ ಕಾಯಲು ಕೂಡಿಸುವುದೂ ಒಂದೇ. ಯಂಕಂಚಿಯ ರಾಜಬಿ ಈ ಮಾತನ್ನು ದಿನಕ್ಕೆ ಐದು ಹೊತ್ತು, ನಮಾಜಿನಷ್ಟೇ ನಿಯಮದಿಂದ ಹೇಳುತ್ತಿದ್ದಳು. ಅವಳ ಗಂಡ ಮೋದಿನಸಾಬ ಬಾಡಿಗೆಗೆ ಚಕ್ಕಡಿ ಹೊಡೆಯುವವನು. ಎತ್ತಿನ ಮುಂದೆ ಹುಲಿ, ಹೆಂಡತಿಯ ಮುಂದೆ ಎತ್ತು.

ಎಲ್ಲ ತಕರಾರಿನ ಮೂಲ ಒಂದು ತಾಮ್ರದ ಹಂಡೆ. ದೇವಣಗಾಂವದಲ್ಲಿದ್ದ ನಾದಿನಿ, ಗಂಡನ ಅಕ್ಕ ಜನ್ನತಬಿಯ ಬಚ್ಚಲಲ್ಲಿ ಅಂಥದೊಂದು ಹಂಡೆ ಇತ್ತು. ಅದರ ಹೊಟ್ಟೆಯ ಮೇಲೆ ಎರಡು ಅಕ್ಷರ ಕೆತ್ತಿದ್ದವು. "ನನ್ನ ಮಗನ ಹೆಸರು ಹಾಕಿಸೇನಿ" ಎಂದು ಜನ್ನತಬಿ ಬಂದವರಿಗೆಲ್ಲ ತೋರಿಸುವಳು. ರಾಜಬಿಗೆ ಓದು ಬಾರದು. ಆದರೆ ಹೊಟ್ಟೆಕಿಚ್ಚಿಗೆ ಓದು ಏತಕ್ಕೆ? ತಾನೂ ಒಂದು ಹಂಡೆ ತಂದು, ಅದರ ಮೇಲೆ ತನ್ನ ಹೆಸರನ್ನು ಇಷ್ಟುದ್ದ ಕೆತ್ತಿಸಿ ನಾದಿನಿಗೆ ತೋರಿಸುವ ತನಕ ತಲೆಗೆ ನೀರು ಹಾಕಿಕೊಳ್ಳುವುದಿಲ್ಲವೆಂದು ಆಣೆ ಮಾಡಿದಳು. (ಆಣೆ ಎರಡೇ ದಿನಕ್ಕೆ ಮುರಿಯಿತು. ಸಿಂದಗಿ ಸೀಮೆಯ ಬೇಸಿಗೆ, ಏನು ಮಾಡುತ್ತೀರಿ.)

ಹೊಸ ಪೈಸೆಯ ನಾಣ್ಯ ಬಂದ ಹೊಸದು. ಸಿಂದಗಿಯ ಪಾತ್ರೆ-ಬಾಂಡೆ ಅಂಗಡಿಯ ಬಾಬುಲಾಲ ಹಂಡೆಯನ್ನು ಮೊದಲೇ ಕೊಟ್ಟು, ರೊಕ್ಕವನ್ನು ಸಂತೆಯಿಂದ ಸಂತೆಗೆ ಕಂತಿನಲ್ಲಿ ತೆಗೆದುಕೊಳ್ಳುವನು. ಬಡ್ಡಿ ಇಲ್ಲ, ಬಡ್ಡಿ ಹರಾಮು. ದಂಡವೂ ಇಲ್ಲ. ಒಂದೇ ಕಾನೂನು: ಸಂತೆಯ ದಿನ ಸಂಜೆ ಮಸೀದಿಯಲ್ಲಿ ನಮಾಜಿನ ಬಾಂಗು ಆಗುವುದರೊಳಗೆ ಕಂತು ಮುಟ್ಟಬೇಕು. ತಡವಾಯಿತೋ, ಹಂಡೆಯ ಮೇಲೆ ಅವನ ಹೆಸರಿನ ಒಂದು ಅಕ್ಷರ ಬೀಳುತ್ತದೆ. ಮತ್ತೆ ತಡವಾದರೆ ಮುಂದಿನ ಅಕ್ಷರ. ಹೆಸರು ಪೂರ್ತಿಯಾದರೆ ಹಂಡೆ ಅವನದೇ.

ಹಂಡೆ ರಾಜಬಿಯ ಮನೆಗೆ ಬಂತು, ಗಂಡನ ಕೈಯಲ್ಲಿ ಕಳಿಸುವ ಕಂತುಗಳೂ ಚೆಂದಾಗಿ ಸಾಗಿದ್ದವು. ಒಂದು ಸಂತೆಯ ದಿನ ಹೋಟೆಲ್ಲಿಗೆ ಹೊಸದಾಗಿ ಬಂದ ರೇಡಿಯೊ ಮೋದಿನಸಾಬನ ಕಾಲು ಕಟ್ಟಿ ಹಾಕಿತು. ಹಾಡು ಮುಗಿಯದೆ ಏಳುವುದಾದರೂ ಹೇಗೆ? ಎದ್ದಾಗ ಬಾಂಗು ಆಗಿ, ಬಾಬುಲಾಲ ಮಸೀದಿಗೆ ಹೋಗಿದ್ದ. ಮೋದಿನಸಾಬ ಓಡಿ ಹೋಗಿ ಅವನ ಮಗ್ಗುಲಲ್ಲೇ ನಿಂತು ನಮಾಜು ಮುಗಿಸಿ, ಹೊರಗೆ ಬಂದ ಕೂಡಲೇ ರೊಕ್ಕ ಚಾಚಿದ.

"ತಡಾ ಆತಲ್ಲ ಮೋದಿನಸಾಬ."

"ಎಲ್ಲಿ ತಡಾ ಆತ್ರಿ ಶೇಟಜಿ? ನಿಮ್ಮ ಬಾಜೂಕ ನಿಂತೇನಿ, ರೊಕ್ಕ ಕಿಸೇದಾಗ ಇತ್ತು!"

"ನಮಾಜು ಖುದಾಗ ಮುಟ್ಟೇತಿ. ರೊಕ್ಕ ನನಗ ಮುಟ್ಟಿರಲಿಲ್ಲ. ಮಾಫ್ ಮಾಡಾಂವ ಅವನು, ನಾ ಬಾಂಡೆ ಮಾರಾಂವ."

ಮರುದಿನ ಮುಂಜಾನೆ ಬಾಬುಲಾಲನ ಸವಾರಿ ಸೈಕಲ್ಲಿನ ಮೇಲೆ ಯಂಕಂಚಿಗೆ ದಯಮಾಡಿಸಿತು. ಚೀಲದಲ್ಲಿ ಉಳಿ, ಸುತ್ತಿಗೆ.

"ಸಿಟ್ಟಾಗಬ್ಯಾಡ ತಂಗಿ, ಕಾನೂನಂದ್ರ ಕಾನೂನು. ಚಾದಾಗ ಸಕ್ಕರಿ ಒಂಚೂರು ಮುಂದ ಇರ್ಲಿ."

ಒಳಗೆ ಠಣ್ ಠಣ್ ಶುರುವಾಯಿತು. ಓಣಿಗೆ ಕೇಳಬಾರದೆಂದು ರಾಜಬಿ ಬಾಗಿಲಲ್ಲಿ ಒರಳಿಟ್ಟು ಮೆಣಸಿನಕಾಯಿ ಕುಟ್ಟತೊಡಗಿದಳು. ಸೀನುತ್ತ ಸೀನುತ್ತ ಇಡೀ ಓಣಿಯೇ ಬಂದು ನಿಂತಿತು.

"ಏನವಾ ರಾಜಬಿ, ಒಳಗ ಹಂಡೇಕ ಕಿವಿ ಚುಚ್ಚಾಕತ್ತೀರೇನು?" ಎಂದಳು ಎದುರುಮನೆಯ ಗುಂಡವ್ವ.

ಅಂದಿನಿಂದ ರಾಜಬಿ ಆ ಅಕ್ಷರವನ್ನು ಗೋಡೆಯ ಕಡೆ ತಿರುಗಿಸಿ, ಮೇಲೆ ಮಸಿ ಬಳಿದಿಟ್ಟಳು. ಗಂಡನ ಕೂಡ ಮಾತು ಬಂದ್. ಹೇಳುವುದಿದ್ದರೆ ಎತ್ತಿಗೆ ಹೇಳುವಳು: "ನಿನ್ನ ಮಾಲಕಗ ರೊಟ್ಟಿ ಬಡದೈತಿ ಅಂತ ಹೇಳು."

ಅಷ್ಟರಲ್ಲಿ ಜನ್ನತಬಿ ಮಗನನ್ನು ಕಟ್ಟಿಕೊಂಡು ತಮ್ಮನ ಮನೆಗೆ ಬಂದಳು. ಬಂದವಳು ಸುಮ್ಮನೆ ಕೂಡಬೇಕೋ ಬೇಡವೋ? "ಹಂಡೆ ಎಷ್ಟು ಕರ್ರಗ ಇಟ್ಟೀಯವ್ವ!" ಎಂದು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿಯೇಬಿಟ್ಟಳು. ಅಕ್ಷರ ಹುಣ್ಣಿಮೆ ಚಂದ್ರನಂತೆ ಹೊಳೆಯಿತು.

"ಅಯ್ಯ ರಾಜಬಿ! ಇದು ಕಂತು ತಡಾ ಮಾಡಿದವರಿಗೆ ಬಾಬುಲಾಲ ಹೊಡಿಯೂ ಗುರುತಲ್ಲೇನ?"

ರಾಜಬಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಆ ಅಕ್ಷರವನ್ನು ಶಪಿಸಿ ಶಪಿಸಿ ಅದರ ಆಕಾರ ಅವಳ ಕಣ್ಣಲ್ಲಿ ಅಚ್ಚಾಗಿತ್ತು. ಇದನ್ನು ಮತ್ತೆಲ್ಲೋ ನೋಡಿದ್ದೇನಲ್ಲ?

"ಅಕ್ಕಾ, ಇದು ನಿನ್ನ ಹಂಡೇದ ಮ್ಯಾಲೂ ಐತಿ. ಬಾಜೂಕ ಇನ್ನೊಂದೂ ಐತಿ!"

"ಅದು ನನ್ನ ಮಗನ ಹೆಸರು! ಬಾಬು!"

"ಹಂಡೆ ಬಂದು ಅಕ್ಷರ ಬಿದ್ದದ್ದು ನಿನ್ನ ಲಗ್ನಾದ ವರ್ಷ. ಬಾಬು ಹುಟ್ಟಿದ್ದು ಅದರ ಮರುವರ್ಷ. ಹಂಡೇಕ ಮಗನ ಹೆಸರ ಹಾಕಿಸಿಯೋ, ಮಗಗ ಹಂಡೇದ ಹೆಸರ ಇಟ್ಟಿಯೋ?"

ಕೊಟ್ಟಿಗೆಯಲ್ಲಿ ಮೋದಿನಸಾಬನಿಗೆ ಎಂಥದೋ ಕೆಮ್ಮು ಬಂತು. ಎತ್ತುಗಳು ಬೆದರಿದವು. ಜನ್ನತಬಿ ಮಗನ ರಟ್ಟೆ ಹಿಡಿದುಕೊಂಡು ಹೊರಟೇಹೋದಳು.

ಕೊನೆಯ ಕಂತು ಬಂತು. ಗಂಡನ ಮೇಲೆ ಭರವಸೆ ಇಲ್ಲದ ರಾಜಬಿ ಕೋಳಿ ಕೂಗುವಾಗಲೇ ಎದ್ದು ತಾನೇ ಸಿಂದಗಿಗೆ ಹೋದಳು. ಹೊತ್ತು ಬೇಕಾದಷ್ಟಿತ್ತು. ಬಳೆಯವಳ ಮುಂದೆ ನಾದಿನಿಯ ಹಂಡೆಯ ಕತೆ ಹೇಳಿದಳು. ಆಮೇಲೆ ಮೆಣಸಿನಕಾಯಿಯವಳ ಮುಂದೆ. ಪುಟಾಣಿ ಮಾರುವ ಮುದುಕ ಕಿವುಡ, ಅವನಿಗೆ ಎರಡು ಸಲ ಹೇಳಬೇಕಾಯಿತು. ನಾಲಿಗೆಗೆ ಗಡುವು ಎಲ್ಲಿದೆ? ಕತೆ ಉದ್ದವಾಯಿತು, ನೆರಳೂ ಉದ್ದವಾಯಿತು. ಬಾಂಗು ಕೇಳಿದಾಗ ಎದ್ದುಬಿದ್ದು ಓಡಿದಳು. ಬಾಬುಲಾಲ ಅಂಗಡಿಯ ಕೊನೆಯ ಹಲಗೆ ಕೂಡಿಸುತ್ತಿದ್ದ.

"ಅಣ್ಣಾ, ಮುಂಜಾನಿಂದ ಇಲ್ಲೇ ಸಂತ್ಯಾಗ ಇದ್ನಿ!"

"ಗೊತ್ತೈತಿ ತಂಗಿ. ನಿನ್ನ ಕತಿ ಮಧ್ಯಾಹ್ನಕ್ಕ ನನ್ನ ಅಂಗಡಿ ಮುಟ್ಟೇತಿ. ರೊಕ್ಕ ಅಷ್ಟ ಮುಟ್ಟಿಲ್ಲ."

ಮರುದಿನ ಮತ್ತೆ ಸೈಕಲ್ಲು, ಉಳಿ, ಮತ್ತೆ ಒರಳು, ಮತ್ತೆ ಓಣಿಗೆಲ್ಲ ಸೀನು. ಈ ಸಲ ಚಹ ಮಾಡಿದವನು ಮೋದಿನಸಾಬ. ಸಕ್ಕರೆ ಎರಡು ಮುಷ್ಟಿ ಹಾಕಿ, ಹಲ್ಲು ಕಿಸಿದುಕೊಂಡೇ ತಂದಿಟ್ಟ.

"ಸಾಲ ತೀರಿತು ತಂಗಿ. ಬಾಜೂಕ ನಿನ್ನ ಹೆಸರೂ ಪುಕ್ಕಟ ಕೆತ್ತಲೇನು?" ಎಂದ ಬಾಬುಲಾಲ.

"ಈ ಅಕ್ಷರದ ಬಾಜೂಕ ನನ್ನ ಹೆಸರ? ತೋಬಾ ತೋಬಾ! ನಡೀರಿ ಇನ್ನ."

ಅವನು ಅತ್ತ ಹೋದ, ಇತ್ತ ಜನ್ನತಬಿ ಮಗನನ್ನು ಕರೆದುಕೊಂಡು ಬಂದಳು. ಸಂತೆಯ ಕತೆ ದೇವಣಗಾಂವಕ್ಕೂ ಮುಟ್ಟಿತ್ತು. ಹಿಂದೆಯೇ ಗುಂಡವ್ವ, ಗುಂಡವ್ವನ ಹಿಂದೆ ಓಣಿ. "ಏನ ಕೆತ್ತಿಸಿದಿ, ತೋರಸ ನೋಡೂಣು" ಎಂದು ಎಲ್ಲರೂ ಬಚ್ಚಲಿಗೇ ನುಗ್ಗಿದರು. ಶಾಲೆಗೆ ಹೋಗಿ ಓದಲು ಕಲಿತಿದ್ದ ಬಾಬು ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತು ದೊಡ್ಡ ದನಿಯಲ್ಲಿ ಓದಿದ:

"ಬಾ... ಬು. ಯವ್ವಾ, ನನ್ನ ಹೆಸರು!"

ಜನ್ನತಬಿ ರಾಜಬಿಯನ್ನು ಗಟ್ಟಿಯಾಗಿ ತಬ್ಬಿಕೊಂಡಳು. "ನೋಡ್ರಿ, ನನ್ನ ತಮ್ಮನ ಹೇಣ್ತಿ ಮನಸ ಎಷ್ಟು ದೊಡ್ಡದು! ಅಳಿಯನ ಲಗ್ನಕ್ಕ ಆಹೇರಿ ಕೊಡಾಕ ಈಗಿಂದನ ಹಂಡೆ ಮಾಡಿಸಿ ಇಟ್ಟಾಳ!" ಕಿವಿಯಲ್ಲಿ ಮಾತ್ರ ಮೆಲ್ಲಗೆ, "ಹ್ಞೂಂ ಅನ್ನು. ಇಲ್ಲಾಂದ್ರ ಅದು ಏನಂತ ನಾನ ಹೇಳಲೇನು?" ಎಂದಳು.

ರಾಜಬಿ ಓಣಿಯ ಮುಖ ನೋಡಿದಳು, ಹಂಡೆಯ ಮುಖ ನೋಡಿದಳು. "ಹೌದ್ರಿ ಮತ್ತ... ಇರಾಂವ ಒಬ್ಬ ಅಳಿಯ."

ಹೀಗೆ ಸಾಲ ತೀರಿದ ದಿನವೇ ಹಂಡೆ ಮತ್ತೆ ಸಾಲಕ್ಕೆ ಬಿತ್ತು. ವರ್ಷಗಳು ಉರುಳಿ ಬಾಬುವಿನ ಲಗ್ನವೂ ಬಂತು. ಮದುಮಗನ ಅರಿಷಿಣದ ನೀರು ಇದೇ ಹಂಡೆಯಲ್ಲಿ ಕಾಯಬೇಕೆಂದು ಜನ್ನತಬಿ ಹೇಳಿ ಕಳಿಸಿದ್ದಳು. ಬೆಳಗಿದ ಹಂಡೆಯನ್ನು ಚಕ್ಕಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ರಾಜಬಿ, "ಹೊಡೀರಿ, ಹೊಡೀರಿ, ಈ ಸಲರೆ ತಡಾ ಆಗಬಾರದು" ಎಂದು ದಾರಿಯುದ್ದಕ್ಕೂ ಗಂಡನ ಬೆನ್ನು ತಿವಿದಳು. ಮೋದಿನಸಾಬ ಒಂದೇ ಒಂದು ಕಡೆ ಚಹಕ್ಕೆ ನಿಲ್ಲಿಸಿದ. ಅಲ್ಲಿ ರೇಡಿಯೊ ಇತ್ತು.

ಇವರು ಮುಟ್ಟುವಷ್ಟರಲ್ಲಿ ಮದುಮಗ ಅರಿಷಿಣದ ನೀರು ಹಾಕಿಕೊಂಡು, ತಲೆ ಒರೆಸಿಕೊಳ್ಳುತ್ತ ನಿಂತಿದ್ದ. ಜನ್ನತಬಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಬಂದಳು.

"ತಡಾ ಆತಲ್ಲ ರಾಜಬಿ! ಬಾಬುಲಾಲಶೇಟ ಒಳಗ ಊಟಕ್ಕ ಕುಂತಾನ. ಉಳಿ ತಂದಾನೇನು ಕೇಳಲೇ?"